ಓದಲು ಕಷ್ಟಪಡುವ ಮಗುವಿಗೆ ಮನೆಯಲ್ಲೇ ಕನ್ನಡ ಓದು: ಹಂತ ಹಂತವಾಗಿ

‘ಮೂರನೇ ಕ್ಲಾಸಿಗೆ ಬಂದ್ರೂ ಓದೋಕೆ ಬರಲ್ಲ. ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾನೆ, ಪುಸ್ತಕ ಕೊಟ್ರೆ ಅಳ್ತಾನೆ. ಏನು ಮಾಡ್ಲಿ?’

ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಹೆಚ್ಚೂ ಕಡಿಮೆ ಇದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಂಥ ಮಗುವಿಗೆ ‘ಹತ್ತು ಸಲ ಬರಿ’ ಅನ್ನುವುದು ಪರಿಹಾರ ಅಲ್ಲ. ನೋಡಿ ಬರೆಯುವಾಗ ಕೈ ಕೆಲಸ ಮಾಡುತ್ತದೆ, ಕಿವಿ ಸುಮ್ನೆ ಇರುತ್ತದೆ. ಓದು ಬರಬೇಕಾದರೆ ಕಣ್ಣಿಗೆ ಕಂಡ ಗುರುತಿಗೂ ಕಿವಿಗೆ ಕೇಳಿದ ದನಿಗೂ ನಂಟು ಬೆಳೆಯಬೇಕು. ಕೆಳಗಿನ ಹಂತಗಳೆಲ್ಲ ಆ ನಂಟಿಗಾಗಿಯೇ ಇವೆ.

ಇದು ಯಾರಿಗೆ?

ಬುದ್ಧಿ ಚುರುಕಾಗಿದೆ, ಮಾತು ಚೆನ್ನಾಗಿದೆ, ಶಾಲೆಗೂ ತಪ್ಪದೆ ಹೋಗುತ್ತದೆ, ಆದರೂ ಓದು ಬರಹ ಮಾತ್ರ ಹತ್ತುತ್ತಿಲ್ಲ. ಇಂಥ ಮಗುವಿಗೆ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಇರಬಹುದು. ಅದರಲ್ಲಿ ಓದಿಗೆ ಸಂಬಂಧಿಸಿದ್ದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಇದು ಸೋಮಾರಿತನ ಅಲ್ಲ, ದಡ್ಡತನವೂ ಅಲ್ಲ. ಮಾತಿನೊಳಗಿನ ದನಿಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕೆಲಸ ಮಿದುಳಿಗೆ ಕಷ್ಟವಾಗುತ್ತದೆ. ಎಷ್ಟೋ ಸಲ ಮನೆಯಲ್ಲಿ ಅಪ್ಪನಿಗೋ ಸೋದರಮಾವನಿಗೋ ಚಿಕ್ಕಂದಿನಲ್ಲಿ ಇದೇ ಕಷ್ಟ ಇತ್ತು ಅನ್ನುವುದು ಕೇಳಿದ ಮೇಲೆ ಗೊತ್ತಾಗುತ್ತದೆ.

ಆದರೆ ತಡವಾಗಿ ಓದುವ ಮಕ್ಕಳಿಗೆಲ್ಲ ಈ ಹೆಸರು ಅಂಟಿಸಬೇಡಿ. ಕನ್ನಡದ ಅಕ್ಷರಗಳು ಬಹಳ. ಮೂಲಾಕ್ಷರ ಮುಗಿದರೆ ಕಾಗುಣಿತ, ಅದು ಮುಗಿದರೆ ಒತ್ತಕ್ಷರ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕನೇ ತರಗತಿಗೆ ಬಂದರೂ ಅಕ್ಷರ ಕಲಿಕೆ ಪೂರ್ತಿ ಮುಗಿದಿರುವುದಿಲ್ಲ ಎಂದು ಕಂಡುಬಂತು. ಅದು ಸಾಮಾನ್ಯ ಮಕ್ಕಳ ಮಾತು. ಹಾಗಾಗಿ ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿ ಬೇಡ. ಮೂರನೇ ತರಗತಿಯಲ್ಲೂ ಮೂಲಾಕ್ಷರವೇ ಮರೆತುಹೋಗುತ್ತಿದ್ದರೆ, ನಿನ್ನೆ ಓದಿದ ಪದ ಇವತ್ತು ಹೊಸದಾಗಿ ಕಾಣುತ್ತಿದ್ದರೆ, ಆಗ ಗಮನ ಕೊಡಬೇಕು.

ಮನೆಮಾತು ತುಳುವೋ ಉರ್ದುವೋ ಲಂಬಾಣಿಯೋ ತೆಲುಗೋ ಆಗಿದ್ದು ಶಾಲೆಯಲ್ಲಿ ಕನ್ನಡ ಇದ್ದರೆ ಮಗುವಿಗೆ ಪದಗಳೇ ಹೊಸದು. ಅದು ನ್ಯೂನತೆ ಅಲ್ಲ. ಅಂಥ ಮಗುವಿಗೆ 8ನೇ ಹಂತದಲ್ಲಿ ಹೇಳಿರುವ ಮಾತು-ಕತೆಯ ಕೆಲಸ ಜಾಸ್ತಿ ಬೇಕು. ಎರಡು ಭಾಷೆ ಇರುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಮನೆಮಾತನ್ನು ಬಿಡಿಸಬೇಡಿ.

ಬೇಕಾಗುವ ಸಾಮಾನು

ಒಂದು ಸ್ಲೇಟು, ಬಳಪ. ತಟ್ಟೆಯಲ್ಲಿ ತೆಳ್ಳಗೆ ಹರಡಿದ ರವೆ ಅಥವಾ ಮರಳು. ಹಳೇ ಮದುವೆ ಕಾರ್ಡುಗಳನ್ನು ಕತ್ತರಿಸಿದ ಚೀಟಿಗಳು. ಎರಡು ಬಣ್ಣದ ಪೆನ್ನು. ನಿಮಗಾಗಿ ಒಂದು ನೋಟ್‌ಬುಕ್. ಇಷ್ಟು ಸಾಕು.

ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ಇದೇ ಮೇಲು. ಶಾಲೆಯಿಂದ ಬಂದ ತಕ್ಷಣ ಬೇಡ. ತಿಂಡಿ ತಿಂದು, ಆಡಿ ಬರಲಿ.

1. ಕಣ್ಣು ಮತ್ತು ಕಿವಿಯ ತಪಾಸಣೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬೋರ್ಡು ಸರಿಯಾಗಿ ಕಾಣದ ಮಗು, ಪದೇ ಪದೇ ಕಿವಿ ಸೋರಿ ಅರ್ಧಂಬರ್ಧ ಕೇಳಿಸುವ ಮಗು ಕೂಡ ಓದಿನಲ್ಲಿ ಹಿಂದೆ ಬೀಳುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಎರಡನ್ನೂ ನೋಡಿಸಬಹುದು.

2. ಮಗು ಎಲ್ಲಿ ನಿಂತಿದೆ ಎಂದು ನೋಡಿ

ಪಾಠದ ಪುಸ್ತಕ ಪಕ್ಕಕ್ಕಿಡಿ. ಮೂಲಾಕ್ಷರಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಕಲೆಸಿ, ಒಂದೊಂದೇ ತೋರಿಸಿ. ಥಟ್ಟನೆ ಹೇಳಿದ್ದು ಒಂದು ಗುಂಪು, ಯೋಚಿಸಿ ಹೇಳಿದ್ದು ಇನ್ನೊಂದು, ಬಾರದ್ದು ಮತ್ತೊಂದು. ಆಮೇಲೆ ‘ಸರ, ಮನೆ, ಕಾಲು, ಹಳ್ಳಿ, ಚಕ್ರ, ಸೂರ್ಯ’ ಇಂಥ ಪದಗಳನ್ನು ಕೊಡಿ. ಎಲ್ಲಿ ನಿಲ್ಲುತ್ತದೆ ನೋಡಿ. ತಿದ್ದಬೇಡಿ, ಬಾಯಿಂದ ಬಂದದ್ದನ್ನು ಹಾಗೇ ಬರೆದಿಟ್ಟುಕೊಳ್ಳಿ. ‘ಹಳ್ಳಿ’ಯನ್ನು ‘ಹಳಿಳ’ ಅಂದಿತೇ, ‘ಹಳಿ’ ಅಂದಿತೇ, ‘ಹಕ್ಕಿ’ ಅಂದಿತೇ? ಮೂರೂ ಬೇರೆ ಬೇರೆ ತೊಂದರೆ. ಮೊದಲನೆಯದರಲ್ಲಿ ಒತ್ತಕ್ಷರದ ಕ್ರಮ ಗೊತ್ತಿಲ್ಲ, ಎರಡನೆಯದರಲ್ಲಿ ಒತ್ತು ಕಣ್ಣಿಗೇ ಬಿದ್ದಿಲ್ಲ, ಮೂರನೆಯದು ಬರೀ ಊಹೆ.

ಹೆಚ್ಚಿನವರು ಮಾಡುವ ತಪ್ಪು ಏನೆಂದರೆ ಮಗು ಇರುವ ತರಗತಿಯಿಂದ ಶುರು ಮಾಡುವುದು. ಐದನೇ ತರಗತಿಯ ಮಗುವಿಗೆ ಮೂಲಾಕ್ಷರದಿಂದ ಶುರು ಮಾಡಬೇಕಾಗಿ ಬಂದರೆ ಅಲ್ಲಿಂದಲೇ ಮಾಡಿ. ನಾಚಿಕೆ ಆಗದ ಹಾಗೆ ನೋಡಿಕೊಳ್ಳಿ, ತಮ್ಮ ತಂಗಿಯರ ಮುಂದೆ ಕೂರಿಸಬೇಡಿ.

3. ಪುಸ್ತಕ ಇಲ್ಲದೆ ಕಿವಿಯ ಆಟ

ದಿನದ 20 ನಿಮಿಷದಲ್ಲಿ ಮೊದಲ ಐದು ನಿಮಿಷ ಇದಕ್ಕೆ. ಅಡುಗೆಮನೆಯಲ್ಲೂ ಆಡಬಹುದು, ಬಸ್ಸಿನಲ್ಲೂ ಆಡಬಹುದು.

ಪದಕ್ಕೆ ಚಪ್ಪಾಳೆ: ‘ಮಳೆ’ ಎರಡು, ‘ಕಮಲ’ ಮೂರು. ಬಿಟ್ಟು ಹೇಳುವುದು: ‘ಬಾಗಿಲು’ ಅನ್ನು, ಈಗ ‘ಬಾ’ ಬಿಟ್ಟು ಅನ್ನು. ಬದಲಿಸುವುದು: ‘ಮರ’ದ ‘ಮ’ ತೆಗೆದು ‘ಸ’ ಇಡು, ಈಗ ‘ನ’, ಈಗ ‘ಬ’. ತಿರುಗಿಸುವುದು: ‘ಸರ’ ಹಿಂದುಮುಂದಾದರೆ ‘ರಸ’, ‘ಗಜ’ ಹಿಂದುಮುಂದಾದರೆ ‘ಜಗ’. ಸ್ವಲ್ಪ ಪಳಗಿದ ಮೇಲೆ ‘ಕುಬೇರನಿಗೇನಿರಬೇಕು’ ಹೇಳಿಕೊಡಿ. ಎತ್ತ ಕಡೆಯಿಂದ ಹೇಳಿದರೂ ಒಂದೇ. ದೊಡ್ಡ ಮಕ್ಕಳಿಗೆ ಇದು ತುಂಬಾ ಹಿಡಿಸುತ್ತದೆ.

ಇಷ್ಟು ಸಲೀಸಾದ ಮೇಲೆ ಅಕ್ಷರದ ಒಳಗೆ ಇಳಿಯಿರಿ. ‘ಮೀನು, ಸೀರೆ, ಗೀಜಗ’ — ಮೊದಲ ಅಕ್ಷರದಲ್ಲಿ ಒಂದೇ ಥರ ಕೇಳಿಸುವುದು ಏನು? ‘ಈ’. ‘ಕಲ್ಲು, ಕಿವಿ, ಕುದುರೆ’ — ಬಾಯಿ ಶುರುವಾಗುವುದು ಒಂದೇ ಕಡೆ ಅಲ್ವಾ? ‘ಕಿ’ ಅನ್ನುವುದರಲ್ಲಿ ಒಂದು ‘ಕ್’, ಒಂದು ‘ಇ’ ಇದೆ ಎಂದು ಕಿವಿಗೆ ತಿಳಿಯದ ಮಗುವಿಗೆ ಕಾಗುಣಿತ ಬರೀ ಗುರುತುಗಳ ರಾಶಿ. ತಿಂಗಳುಗಟ್ಟಲೆ ಹಿಡಿದರೂ ಈ ಆಟ ಬಿಡಬೇಡಿ.

4. ಅಕ್ಷರಗಳನ್ನು ಸಣ್ಣ ಗುಂಪಿನಲ್ಲಿ ಕೊಡಿ

ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲಿನಲ್ಲೇ ಹೋಗಬೇಕೆಂದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮೊದಲ ಗುಂಪು ‘ರ, ಗ, ಸ, ದ, ಅ’. ಈ ಐದೇ ಅಕ್ಷರದಲ್ಲಿ ‘ಸರ, ರಸ, ದರ, ಅಗಸ, ಅರಸ’ ಎಲ್ಲಾ ಬರುತ್ತವೆ. ಮೊದಲ ವಾರದಲ್ಲೇ ಮಗು ‘ನಾನು ಓದಿದೆ’ ಅನ್ನಬಹುದು. ವರ್ಷಗಟ್ಟಲೆ ಸೋತ ಮಗುವಿಗೆ ಅದಕ್ಕಿಂತ ದೊಡ್ಡ ಮದ್ದು ಬೇರೆ ಇಲ್ಲ.

ಕಲಿಸುವ ಬಗೆ ಹೀಗೆ: ನೀವು ಸ್ಲೇಟಿನ ಮೇಲೆ ದೊಡ್ಡದಾಗಿ ಬರೆಯಿರಿ, ದನಿ ಹೇಳಿ. ಮಗು ದನಿ ಹೇಳುತ್ತಾ ಅದರ ಮೇಲೆ ಬೆರಳಾಡಿಸಲಿ. ಆಮೇಲೆ ರವೆಯಲ್ಲಿ ಬರೆಯಲಿ, ಆಗಲೂ ಬಾಯಲ್ಲಿ ದನಿ ಇರಲಿ. ಬಾಯಿ ಮುಚ್ಚಿಕೊಂಡು ರವೆಯಲ್ಲಿ ಬರೆದರೆ ಅದೂ ಕಾಪಿ ಬರಹವೇ.

ನೋಡಲು ಒಂದೇ ಥರ ಇರುವ ಅಕ್ಷರಗಳನ್ನು ಒಟ್ಟಿಗೆ ಕೊಡಬೇಡಿ. ‘ಪ’ ಗಟ್ಟಿಯಾಗುವ ತನಕ ‘ಷ’ ಬೇಡ. ‘ನ’ ಮತ್ತು ‘ಸ’, ‘ವ’ ಮತ್ತು ‘ಮ’, ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ಕೂಡ ಹಾಗೇ. ಪಕ್ಕಪಕ್ಕ ಇಟ್ಟು ‘ವ್ಯತ್ಯಾಸ ನೋಡು’ ಅಂದರೆ ಮಗುವಿಗೆ ಗೊಂದಲ ಇನ್ನೂ ಗಟ್ಟಿಯಾಗುತ್ತದೆ. ಮಹಾಪ್ರಾಣಗಳನ್ನು ಕೊನೆಗಿಟ್ಟರೂ ನಡೆಯುತ್ತದೆ. ದಿನದ ಮಾತಿನಲ್ಲಿ ನಾವೇ ‘ಧ’ವನ್ನು ‘ದ’ ಎನ್ನುತ್ತೇವೆ, ಮಗುವಿನ ಕಿವಿಗೆ ಆ ವ್ಯತ್ಯಾಸ ಬಿದ್ದೇ ಇರುವುದಿಲ್ಲ.

ಒಂದು ಗುಂಪಿನ ಅಕ್ಷರಗಳನ್ನು ಮೂರು ದಿನ ಬಿಟ್ಟು ಕೇಳಿದರೂ ಥಟ್ಟನೆ ಹೇಳಿದರೆ ಮಾತ್ರ ಮುಂದಿನ ಗುಂಪು. ಹಳೇ ಚೀಟಿಗಳನ್ನು ದಿನಾ ಒಮ್ಮೆ ತಿರುವಿ ಹಾಕಿ.

5. ಕಾಗುಣಿತ: ಕೋಷ್ಟಕ ಅಲ್ಲ, ಗುರುತು

ಅತಿ ಹೆಚ್ಚು ಮಕ್ಕಳು ನಿಲ್ಲುವುದು ಇಲ್ಲೇ. ‘ಕ ಇಳಿ ಕಾ, ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ’ ಎಂದು ರಾಗವಾಗಿ ಹೇಳುವ ಮಗುವಿಗೆ ‘ಕೂ’ ಒಂದನ್ನೇ ತೋರಿಸಿ ನೋಡಿ. ಬಾಯಲ್ಲಿ ಮೊದಲಿನಿಂದ ರಾಗ ಎಳೆದು ಅಲ್ಲಿಗೆ ಬರುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ರಾಗ ಬಾಯಿಪಾಠ ಆಗಿದೆ, ಗುರುತು ಗೊತ್ತಾಗಿಲ್ಲ.

ಒಂದು ವ್ಯಂಜನಕ್ಕೆ ಎಲ್ಲಾ ಗುರುತು ಹಚ್ಚುವ ಬದಲು, ಒಂದು ಗುರುತನ್ನು ಗೊತ್ತಿರುವ ಎಲ್ಲಾ ಅಕ್ಷರಗಳಿಗೆ ಹಚ್ಚಿ. ಈ ವಾರ ಇಳಿ ಮಾತ್ರ: ರಾ, ಗಾ, ಸಾ, ದಾ. ಪದಗಳು: ದಾರ, ಸಾರ, ರಾಗ. ಅಕ್ಷರ ಕಪ್ಪು ಪೆನ್ನಿನಲ್ಲಿ, ಗುರುತು ಕೆಂಪು ಪೆನ್ನಿನಲ್ಲಿ ಬರೆಯಿರಿ. ಆಮೇಲೆ ಗುಡಿಸು, ಕೊಂಬು, ಏತ್ವ. ಒಂದು ಗುರುತಿಗೆ ಒಂದು ವಾರ ಸಾಲದಿದ್ದರೆ ಎರಡು ವಾರ ಆಗಲಿ.

ದೀರ್ಘಕ್ಕೆ ಬಂದಾಗ ಒಂದು ವಿಷಯ ತೋರಿಸಿಕೊಡಿ. ‘ಕೀ, ಕೇ, ಕೋ’ ಮೂರರ ಕೊನೆಗೂ ಇರುವ ಬಾಲ ಒಂದೇ. ಕಿ-ಕೀ, ಕೆ-ಕೇ, ಕೊ-ಕೋ. ಆ ಬಾಲ ಕಂಡರೆ ಎಳೆದು ಹೇಳಬೇಕು, ಅಷ್ಟೇ. ಮೂರು ಹೊಸ ಗುರುತು ಅಂದುಕೊಂಡಿದ್ದ ಮಗುವಿಗೆ ಒಂದೇ ಗುರುತು ಕಲಿತರೆ ಸಾಕು ಅಂತ ತಿಳಿದಾಗ ಭಾರ ಇಳಿಯುತ್ತದೆ. ಇದಕ್ಕೆ ಬಿಡು-ಬೀಡು, ಬೆಳೆ-ಬೇಳೆ, ಕೊಡು-ಕೋಡು ಇಂಥ ಜೋಡಿಗಳನ್ನು ಓದಿಸಿ, ಒಂದೊಂದಕ್ಕೂ ಅರ್ಥ ಕೇಳಿ.

‘ಕೊ’ವನ್ನು ‘ಕೂ’ ಎಂದು ಓದುವುದು ತುಂಬಾ ಸಾಮಾನ್ಯ. ‘ಕೊ’ ಅನ್ನು ಹತ್ತಿರದಿಂದ ನೋಡಿ: ತಲೆಯ ಮೇಲೆ ಏತ್ವ, ಪಕ್ಕದಲ್ಲಿ ಕೊಂಬಿನ ದೀರ್ಘ, ಎರಡೂ ಇವೆ. ಮಗು ಪಕ್ಕದ್ದನ್ನು ಮಾತ್ರ ನೋಡಿದೆ. ‘ತಲೆ ನೋಡು, ಆಮೇಲೆ ಪಕ್ಕ ನೋಡು’ ಎಂದು ಅಭ್ಯಾಸ ಮಾಡಿಸಿ. ಇನ್ನು ‘ಮ’ ಮತ್ತು ‘ವು’. ‘ಹೂವು’ ಅನ್ನುವುದನ್ನು ‘ಹೂಮ’ ಎಂದು ಓದಿದರೆ ಅದು ಅಸಡ್ಡೆ ಅಲ್ಲ, ಎರಡೂ ನಿಜಕ್ಕೂ ಒಂದೇ ಥರ ಇವೆ. ‘ಮ, ಯ’ ಎರಡರ ಕಾಗುಣಿತವೂ ಉಳಿದವಕ್ಕಿಂತ ಬೇರೆ ಥರ ಕಾಣುವುದರಿಂದ ಅವೆರಡನ್ನು ಕೊನೆಗೆ, ಪ್ರತ್ಯೇಕವಾಗಿ ಕಲಿಸಿ.

ಸೊನ್ನೆಯನ್ನೂ ಮರೆಯಬೇಡಿ. ‘ಅಂಬೆ’ಯಲ್ಲಿ ಅದು ‘ಮ್’, ‘ಅಂತ’ದಲ್ಲಿ ‘ನ್’. ನಿಯಮ ಹೇಳಬೇಡಿ, ಪದಗಳನ್ನು ಹೇಳಿಸಿ. ಬಾಯಿ ತಾನಾಗಿ ಹೊಂದಿಕೊಳ್ಳುತ್ತದೆ.

6. ಒತ್ತಕ್ಷರ

ಮೊದಲು ಸಜಾತೀಯ, ಅಂದರೆ ಒಂದೇ ಅಕ್ಷರದ ಒತ್ತು. ಅದರಲ್ಲೂ ಅಕ್ಷರದ ಹಾಗೇ ಕಾಣುವ ಒತ್ತುಗಳು ಮೊದಲು: ಅಕ್ಕ, ಹಗ್ಗ, ಬೆಟ್ಟ, ಗುಡ್ಡ, ಅಪ್ಪ, ಹಬ್ಬ. ಆಮೇಲೆ ರೂಪವೇ ಬೇರೆಯಾಗುವ ತ, ನ, ಮ, ಯ, ರ, ಲ: ಹತ್ತು, ಅನ್ನ, ಅಮ್ಮ, ವಾಕ್ಯ, ಚಕ್ರ, ಬೆಲ್ಲ. ಈ ಆರಕ್ಕೆ ಬೇರೆಯೇ ಚೀಟಿ ಮಾಡಿ, ಒಂದು ಕಡೆ ಅಕ್ಷರ, ಹಿಂದುಗಡೆ ಅದರ ಒತ್ತು.

ಈಗ ‘ಹಳಿಳ’ದ ವಿಷಯ. ‘ಹಳ್ಳಿ’ ಬರೆಯುವಾಗ ಗುಡಿಸು ಮೇಲಿನ ‘ಳ’ಕ್ಕೆ ಅಂಟಿಕೊಂಡಿರುತ್ತದೆ. ಓದುವಾಗ ಅದರ ದನಿ ಕೊನೆಗೆ ಬರಬೇಕು. ಕಣ್ಣಿಗೆ ಕಂಡ ಕ್ರಮದಲ್ಲಿ ಓದಿದ ಮಗು ‘ಹಳಿಳ’ ಅನ್ನುತ್ತದೆ. ತರ್ಕ ಸರಿಯಾಗಿಯೇ ಇದೆ! ಬೆರಳಿಟ್ಟು ಮೂರು ಹೆಜ್ಜೆ ತೋರಿಸಿ: ಮೇಲಿನ ಅಕ್ಷರ ಅರ್ಧ ಹೇಳು, ಕೆಳಗೆ ಇಳಿ, ಮತ್ತೆ ಮೇಲೆ ಹೋಗಿ ಗುರುತು ಸೇರಿಸು. ಹಳ್-ಳಿ. ಅಜ್-ಜಿ. ಅಕ್-ಕಿ. ‘ಕತೆ’ ಮತ್ತು ‘ಕತ್ತೆ’, ‘ಬಳಿ’ ಮತ್ತು ‘ಬಳ್ಳಿ’ ಜೊತೆಗೆ ಓದಿಸಿದರೆ ಒತ್ತನ್ನು ಗಮನಿಸದಿದ್ದರೆ ಏನಾಗುತ್ತದೆ ಎಂದು ಮಗುವಿಗೇ ತಿಳಿಯುತ್ತದೆ.

ಅರ್ಕಾವೊತ್ತು, ಅಂದರೆ ‘ಸೂರ್ಯ’, ‘ಕರ್ಮ’ಗಳಲ್ಲಿ ಬರುವ ‘ರ್’, ಎಲ್ಲಕ್ಕಿಂತ ಕೊನೆಗೆ. ಬರೆಯುವುದು ಅಕ್ಷರದ ಆಚೆಗೆ, ಓದುವುದು ಅದಕ್ಕಿಂತ ಮೊದಲು. ‘ಸೂಯರ’ ಎಂದು ಓದುವ ಮಗುವಿಗೆ ಆ ಗುರುತಿನಿಂದ ಹಿಂದಕ್ಕೆ ಒಂದು ಬಾಣ ಬರೆದು ಕೊಡಿ. ಕೆಲವು ವಾರ ಬಾಣ ಇರಲಿ, ಆಮೇಲೆ ತೆಗೆಯಿರಿ.

7. ಪದದಿಂದ ಪುಟಕ್ಕೆ

ಮಗುವಿಗೆ ಗೊತ್ತಿರುವ ಅಕ್ಷರಗಳಷ್ಟೇ ಇರುವ ಎರಡು ಮೂರು ವಾಕ್ಯ ನೀವೇ ಬರೆಯಿರಿ. ಮಗುವಿನ ಹೆಸರು, ಮನೆಯ ನಾಯಿಯ ಹೆಸರು ಸೇರಿಸಿ. ಆಮೇಲೆ ಪುಸ್ತಕ. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಕತೆಗಳು ಹಂತಗಳ ಪ್ರಕಾರ ಉಚಿತವಾಗಿ ಸಿಗುತ್ತವೆ. ಒಂದನೇ ಹಂತದಿಂದ ಹಿಡಿಯಿರಿ.

ಜೋಡಿ ಓದು ಬಹಳ ಕೆಲಸ ಮಾಡುತ್ತದೆ. ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದಿ, ಬೆರಳು ಪದದ ಕೆಳಗೆ ಇರಲಿ. ಮಗುವಿಗೆ ಧೈರ್ಯ ಬಂದಾಗ ನಿಮ್ಮ ಕೈ ತಟ್ಟಲಿ, ನೀವು ದನಿ ನಿಲ್ಲಿಸಿ. ಎಡವಿದರೆ ಐದು ಎಣಿಸುವಷ್ಟು ಕಾಯಿರಿ, ಆಮೇಲೆ ನೀವೇ ಪದ ಹೇಳಿ ಮುಂದೆ ಹೋಗಿ. ಒಂದೇ ಪುಟವನ್ನು ಮೂರು ದಿನ ಓದಿಸಿ. ‘ಚಿತ್ರ ನೋಡಿ ಹೇಳು’ ಅನ್ನಬೇಡಿ, ಊಹೆಯ ಚಟ ಅಲ್ಲಿಂದಲೇ ಬೆಳೆಯುತ್ತದೆ.

ಕನ್ನಡದ ಪದಗಳು ಉದ್ದ. ‘ಮರಗಳಲ್ಲಿದ್ದ’ ಅನ್ನುವುದನ್ನು ಕಂಡ ಕೂಡಲೇ ಮಗು ಪುಸ್ತಕ ಮುಚ್ಚುತ್ತದೆ. ಪೆನ್ಸಿಲಿನಲ್ಲಿ ಗೆರೆ ಹಾಕಿ: ಮರ/ಗಳ/ಲ್ಲಿದ್ದ. ಉಳಿದದ್ದನ್ನು ಚೀಟಿಯಿಂದ ಮುಚ್ಚಿ ಒಂದೊಂದೇ ತುಂಡು ತೋರಿಸಿ. ಮರ, ಮರದ, ಮರದಲ್ಲಿ, ಮರಗಳು, ಮರಗಳಲ್ಲಿ ಎಂದು ಒಂದರ ಕೆಳಗೊಂದು ಬರೆದು ಓದಿಸಿದರೆ ಬಾಲ ಮಾತ್ರ ಬದಲಾಗುತ್ತದೆ ಎಂದು ಕಾಣುತ್ತದೆ.

‘ಹೋಗುತ್ತಾನೆ’ ಎಂದಿರುವುದನ್ನು ಮಗು ‘ಹೋಗ್ತಾನೆ’ ಎಂದು ಓದಿದರೆ ಬೈಯಬೇಡಿ. ಅರ್ಥ ಆಗಿದೆ ಎಂದೇ ಅದರ ಲೆಕ್ಕ. ‘ಪುಸ್ತಕದಲ್ಲಿ ಹೇಗಿದೆ, ಇನ್ನೊಮ್ಮೆ ನೋಡು’ ಅಂದರೆ ಸಾಕು.

8. ಓದು ನಿಧಾನವಾದರೂ ಭಾಷೆ ಹಿಂದೆ ಬೀಳಬಾರದು

ಇದನ್ನೇ ಹೆಚ್ಚಿನ ಮನೆಗಳಲ್ಲಿ ಮರೆಯುತ್ತಾರೆ. ಒಂಬತ್ತು ವರ್ಷದ ಮಗು ‘ಸರ, ದರ’ ಓದುತ್ತಿದೆ ಅಂದ ಮಾತ್ರಕ್ಕೆ ಅದರ ತಲೆಗೆ ‘ಸರ, ದರ’ವೇ ಸಾಕೇ? ಬೇರೆ ಮಕ್ಕಳು ಓದಿನಿಂದ ಹೊಸ ಪದ ಕಲಿಯುತ್ತಿರುತ್ತಾರೆ. ಈ ಮಗುವಿಗೆ ಅದು ಕಿವಿಯ ಮೂಲಕ ಸಿಗಬೇಕು.

ರಾತ್ರಿ ಮಲಗುವ ಮುಂಚೆ ನೀವೇ ಓದಿ ಹೇಳಿ, ವಯಸ್ಸಿಗೆ ತಕ್ಕ ಒಳ್ಳೆಯ ಕತೆ. ನಡುವೆ ನಿಲ್ಲಿಸಿ ‘ಯಾಕೆ ಹಾಗೆ ಮಾಡಿದಳು? ಮುಂದೆ ಏನಾಗಬಹುದು?’ ಎಂದು ಕೇಳಿ. ಮಾರನೇ ದಿನ ಮಗು ಅಜ್ಜಿಗೋ ತಾತನಿಗೋ ಆ ಕತೆ ಹೇಳಲಿ. ಕತೆ ತಪ್ಪಿಹೋದರೆ ಬೆರಳು ಮಡಿಸಿ ನೆನಪಿಸಿ: ಯಾರು, ಎಲ್ಲಿ, ಏನಾಯ್ತು, ಆಮೇಲೆ, ಕೊನೆಗೆ. ಒಗಟು, ಗಾದೆ, ಅಂತ್ಯಾಕ್ಷರಿ ಎಲ್ಲವೂ ಭಾಷೆಯ ಕೆಲಸವೇ.

ಸಮಾಜ, ವಿಜ್ಞಾನದ ಪಾಠಗಳನ್ನು ಮನೆಯಲ್ಲಿ ಯಾರಾದರೂ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೊಡಿ. ಮಗು ಪುಟದ ಮೇಲೆ ಬೆರಳಿಟ್ಟು ಕೇಳಲಿ. ಇದರಿಂದ ಸೋಮಾರಿ ಆಗುತ್ತದೆ ಅನ್ನುವ ಭಯ ಬೇಡ.

9. ಬರವಣಿಗೆ

ಓದಲು ಬಂದ ಪದಗಳನ್ನಷ್ಟೇ ಬರೆಸಿ. ದಿನಕ್ಕೆ ಐದು ಪದದ ಉಕ್ತಲೇಖನ ಸಾಕು. ಮಗು ಪದವನ್ನು ಗಟ್ಟಿಯಾಗಿ ಬಿಡಿಸಿ ಹೇಳಿ ಆಮೇಲೆ ಬರೆಯಲಿ. ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಹೊಡೆಯಬೇಡಿ. ಸರಿ ಬಂದ ಅಕ್ಷರಗಳಿಗೆ ಗುರುತು ಹಾಕಿ, ತಪ್ಪಿದ ಒಂದನ್ನು ಮತ್ತೆ ಕೇಳಿಸಿ.

10. ಶಾಲೆ, ತಜ್ಞರು, ಪ್ರಮಾಣಪತ್ರ

ಶಿಕ್ಷಕರ ಜೊತೆ ಜಗಳಕ್ಕೆ ಹೋಗಬೇಡಿ. ನಿಮ್ಮ ನೋಟ್‌ಬುಕ್ ತೋರಿಸಿ, ‘ಮನೆಯಲ್ಲಿ ಹೀಗೆ ಮಾಡ್ತಿದ್ದೀವಿ ಮೇಡಂ’ ಎಂದು ಹೇಳಿ, ಮೂರು ವಿಷಯ ಕೇಳಿಕೊಳ್ಳಿ: ತಯಾರಿ ಇಲ್ಲದೆ ತರಗತಿಯ ಮುಂದೆ ಓದಿಸುವುದು ಬೇಡ, ಕೆಲವು ಉತ್ತರ ಬಾಯಲ್ಲಿ ಹೇಳಲು ಬಿಡಿ, ಕಾಪಿ ಬರೆಯುವ ಹೋಂವರ್ಕ್ ಕಡಿಮೆ ಮಾಡಿ. ಸರ್ಕಾರಿ ಶಾಲೆಯಾದರೆ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರ ಬಗ್ಗೆ ವಿಚಾರಿಸಿ.

ಮೂರು ನಾಲ್ಕು ತಿಂಗಳು ತಪ್ಪದೆ ಮಾಡಿದರೂ ಏನೂ ಮುಂದುವರಿಯದಿದ್ದರೆ, ಅಥವಾ ಮಾತೇ ತಡವಾಗಿ ಬಂದಿದ್ದರೆ, ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಮತ್ತು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎರಡೂ ಸರ್ಕಾರಿ ಸಂಸ್ಥೆಗಳು. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ, ಜ್ಞಾಪಕಶಕ್ತಿಯ ಟಾನಿಕ್, ‘ಮಿಡ್‌ಬ್ರೈನ್ ಆಕ್ಟಿವೇಶನ್’ ಇವಕ್ಕೆ ದುಡ್ಡು ಸುರಿಯಬೇಡಿ. ಇವುಗಳಿಂದ ಓದು ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರಲ್ಲಿ ಹೆಸರಿಸಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಕೊಡುವುದು 8 ವರ್ಷ ತುಂಬಿದ ಮೇಲೆ. 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತದೆ. 8 ವರ್ಷ ಆಗುವ ತನಕ ಕಾಯಿರಿ ಅಂತ ಯಾರಾದರೂ ಹೇಳಿದರೆ, ಅದು ಪತ್ರಕ್ಕೆ ಮಾತ್ರ. ಕಲಿಸುವುದಕ್ಕೆ ಕಾಯಬೇಡಿ. ಆರನೇ ವರ್ಷದಲ್ಲೇ ಕಿವಿಯ ಆಟ ಶುರು ಮಾಡಬಹುದು.

ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಅಗತ್ಯವಿದ್ದರೆ ಬರೆದುಕೊಡುವ ಸಹಾಯಕರು ಸಿಗುತ್ತಾರೆ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಎಂದಿತ್ತು. ಎಸ್‌ಎಸ್‌ಎಲ್‌ಸಿಗೆ ಅರ್ಜಿ ಶಾಲೆಯ ಮೂಲಕವೇ ಹೋಗುತ್ತದೆ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದರೆ ಕೈಗೆ ಬರುವುದಿಲ್ಲ. ಎಂಟನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರನ್ನು ಕಂಡು ಯಾವ ಕಾಗದ ಬೇಕು ಎಂದು ಕೇಳಿ. ಪ್ರಮಾಣಪತ್ರ, ಯುಡಿಐಡಿ ಕಾರ್ಡು (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ತಜ್ಞರ ಪರೀಕ್ಷಾ ವರದಿ ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿಸಿ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಶಾಲೆ ಬದಲಾಯಿಸುವಾಗ ಮೊದಲ ದಿನವೇ ಆ ಫೈಲು ತೋರಿಸಿ.